ಗೋಪಾಲನೂ ರಾಖಾಲನೂ
ಯುಗಾದಿಯ ಬೇವುಬೆಲ್ಲ ಮುಗಿದ ಮೇಲೆ, ಏಪ್ರಿಲ್ ಮಧ್ಯಕ್ಕೆ ಕೋಲ್ಕತ್ತದಲ್ಲಿ ಹೊಸ ವರ್ಷ, ಪೊಯ್ಲಾ ಬೈಶಾಖ್. ಅಂಗಡಿಯವರು ಬೆಳ್ಳಂಬೆಳಗ್ಗೆ ಕೆಂಪು ಬಟ್ಟೆ ಹೊದಿಸಿದ ಹೊಸ ಲೆಕ್ಕದ ಪುಸ್ತಕ ಹಿಡಿದು ಕಾಳಿಘಾಟ್‌ನ ಕಾಳಿ ಗುಡಿಯಲ್ಲಿ ಸಾಲುಗಟ್ಟುತ್ತಾರೆ. ಮೊದಲ ಪುಟಕ್ಕೆ ಸಿಂಧೂರದ ಸ್ವಸ್ತಿಕ, ಹಳೆ ಬಾಕಿ ತೀರಿಸಿದ ಗಿರಾಕಿಗೆ ಮಿಠಾಯಿ ಡಬ್ಬಿ, ಜೊತೆಗೊಂದು ಕ್ಯಾಲೆಂಡರ್. ಮೇಷ್ಟರಾದ ನನಗೆ ನೆನಪಾಗುವುದು ಬೇರೆಯೇ ಪುಸ್ತಕ: ಈಶ್ವರಚಂದ್ರ ವಿದ್ಯಾಸಾಗರರು 1855ರ ಏಪ್ರಿಲ್‌ನಲ್ಲಿ ಹೊರತಂದ ಬಂಗಾಳಿ ಅಕ್ಷರಪುಸ್ತಕ ‘ವರ್ಣಪರಿಚಯ’. ಸಂಸ್ಕೃತ ಕಾಲೇಜಿನ ಪ್ರಾಂಶುಪಾಲರಾಗಿದ್ದ ಪಂಡಿತರು ಕೂತು ಮಕ್ಕಳಿಗೆ ಅಕ್ಷರ ಜೋಡಿಸಿಕೊಟ್ಟರು. ಬಂಗಾಳಿಯಲ್ಲಿ ಬಳಕೆಯಿಲ್ಲದ ೠ, ೡಗಳನ್ನು ಮುಲಾಜಿಲ್ಲದೆ ಕೈಬಿಟ್ಟರು. (ನಮ್ಮ ವರ್ಣಮಾಲೆಯಲ್ಲಿ ಆ ೠ ಎಷ್ಟು ಕಾಲ ಸುಮ್ಮನೆ ಕೂತಿತ್ತು!) ಹೇಳಿದ್ದು ಕೇಳುವ ಗೋಪಾಲನಂತಾಗಿ, ದಾರಿಯಲ್ಲಿ ಆಡುತ್ತ ಶಾಲೆಗೆ ತಡವಾಗಿ ಬರುವ ರಾಖಾಲನಂತಾಗಬೇಡಿ ಎಂಬುದು ಆ ಪುಸ್ತಕದ ಬುದ್ಧಿವಾದ. ನನಗೆ ಅದರಲ್ಲಿ ಪೂರ್ತಿ ನಂಬಿಕೆಯಿಲ್ಲ. ಕೊನೆ ಬೆಂಚಿನಿಂದ ‘ಅದ್ಯಾಕೆ ಸಾರ್ ಹಾಗೆ?’ ಎಂದು ಕೇಳಿ ನನ್ನನ್ನು ಮತ್ತೆ ಓದಲು ಹಚ್ಚುವವನು ಹೆಚ್ಚಾಗಿ ರಾಖಾಲನೇ. ವಿದ್ಯಾಸಾಗರರೇನು ಗೋಪಾಲರೆ? ಅವರಲ್ಲಿ ರಾಖಾಲನ ಅಂಶವೇ ಹೆಚ್ಚೆಂದು ರವೀಂದ್ರನಾಥ ಟ್ಯಾಗೋರರೂ ಗುರುತಿಸಿದ್ದರು. ಸಂಪ್ರದಾಯಸ್ಥರ ದಂಡೇ ಎದುರು ನಿಂತರೂ, 1856ರಲ್ಲಿ ವಿಧವಾ ವಿವಾಹದ ಕಾಯ್ದೆ ಆಗುವವರೆಗೆ ಆ ಮನುಷ್ಯ ಹಟ ಬಿಡಲಿಲ್ಲ.