ಹೆಸರಿನ ಋಣ

ಗಿಡಮರಗಳನ್ನೂ ಪ್ರಾಣಿಪಕ್ಷಿಗಳನ್ನೂ ಇಂಥದೇ ಎಂದು ಗುರುತಿಸುವುದು ಶಾಸ್ತ್ರಜ್ಞರಿಗೇ ಮೀಸಲಾದ ಕಾರ್ಯವೆಂದೂ, ಜನಸಾಮಾನ್ಯರು ಅದಕ್ಕೆ ಕೈಹಾಕಿದರೆ ತಪ್ಪುಗಳೇ ಬೆಳೆಯುವುವೆಂದೂ ಹೇಳತಕ್ಕ ವಿದ್ವಾಂಸರು ಈಗಲೂ ಇದ್ದಾರೆ. ಮಾತು ಗಂಭೀರವಾಗಿದೆ, ಆದರೆ ಶಾಸ್ತ್ರದ ಚರಿತ್ರೆಯೇ ಇದಕ್ಕೆ ಸಾಕ್ಷಿ ಹೇಳಲೊಲ್ಲದು.

1678ರಿಂದ 1693ರ ವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಎಂಬ ಸಸ್ಯಗ್ರಂಥವನ್ನು ಮಾಡಿಸಿದವನು ಮಲಬಾರಿನ ಡಚ್ ಅಧಿಪತಿ ವಾನ್ ರೀಡನು. ಅವನಿಗೆ ಗಿಡಗಳ ಹೆಸರನ್ನೂ ಗುಣವನ್ನೂ ತಿಳಿಸಿದವರೋ, ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯನು. ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು. ಇವರ ಪ್ರಮಾಣಪತ್ರಗಳು ಮೊದಲನೆಯ ಸಂಪುಟದಲ್ಲಿಯೇ ಅಚ್ಚಾಗಿವೆ. ಮುಂದೆ ಲಿನೇಯಸನು ಇಲ್ಲಿಯ ಸಸ್ಯಗಳಿಗೆ ಶಾಸ್ತ್ರೀಯ ನಾಮಗಳನ್ನಿಡುವಾಗ ಇದೇ ಗ್ರಂಥವನ್ನು ಆಧಾರವಾಗಿ ಹಿಡಿದನು. ಇಷ್ಟು ಕೊಟ್ಟವರಿಗೆ ಮರಳಿ ಬಂದುದೇನು? ಗ್ರಂಥವೆಲ್ಲ ಲ್ಯಾಟಿನ್ ಭಾಷೆ. ಕೆ. ಎಸ್. ಮಣಿಲಾಲರು ಜೀವಮಾನವನ್ನೇ ಸವೆಸಿ ಮಾಡಿದ ಇಂಗ್ಲಿಷ್ ಅನುವಾದವು 2003ರಲ್ಲಿ, ಮಲೆಯಾಳ ಅನುವಾದವು 2008ರಲ್ಲಿ ಹೊರಬಂದವು. ಮಲೆಯಾಳದ ವೈದ್ಯನು ಹೇಳಿದುದನ್ನು ಮಲೆಯಾಳದವರು ತಮ್ಮ ನುಡಿಯಲ್ಲಿ ಓದುವುದಕ್ಕೆ ಮುನ್ನೂರು ಮೂವತ್ತು ವರ್ಷಗಳು ಹಿಡಿದವು!

ಹಾಗೆಂದು ಶಾಸ್ತ್ರಜ್ಞನು ಬೇಡವೆನ್ನುವುದು ಅವಿವೇಕ. ಶಂಖಪುಷ್ಪಿಯೆಂದರೆ ಒಂದು ಸೀಮೆಯವರಿಗೆ ನೀಲಿ ಹೂವಿನ ಬಳ್ಳಿ, ಮತ್ತೊಂದು ಸೀಮೆಯವರಿಗೆ ವಿಷ್ಣುಕ್ರಾಂತಿ, ಇನ್ನೊಂದು ಕಡೆ ನೆಲಕ್ಕೆ ಹರಡುವ ಬೇರೆಯೇ ಗಿಡ. ಒಂದೇ ಹೆಸರನ್ನು ನಂಬಿ ಔಷಧವರೆದರೆ ಗತಿಯೇನು? ಇಲ್ಲಿ ಶಾಸ್ತ್ರೀಯ ನಾಮವೇ ದಿಕ್ಕು.

ಆದರೆ ನಾಮವೊಂದನ್ನೇ ಎಸೆದು ಸುಮ್ಮನಾಗುವುದು ವಿದ್ಯಾದಾನವಲ್ಲ. ಮನೆಯ ಮೂಲೆಯಲ್ಲಿ ಕಂಡ ಹಾವಿನ ಚಿತ್ರವನ್ನು ಒಬ್ಬ ಗೃಹಸ್ಥನು ಮೊಬೈಲಿನಲ್ಲಿ ತಜ್ಞನಿಗೆ ಕಳುಹಿಸುತ್ತಾನೆ. ‘ತೋಳಹಾವು, ವಿಷವಿಲ್ಲ’ ಎಂದು ಉತ್ತರ ಬರುತ್ತದೆ. ಮನೆಯವರು ಆ ರಾತ್ರಿ ನಿದ್ರಿಸುತ್ತಾರೆ, ಕಲಿತುದೇನೂ ಇಲ್ಲ. ವಿಷದ ಕಟ್ಟುಹಾವಿನ ಬಿಳಿಯ ಪಟ್ಟೆಗಳು ಬಹುಮಟ್ಟಿಗೆ ಜೋಡಿಜೋಡಿಯಾಗಿದ್ದು ಕತ್ತಿನ ಕಡೆಗೆ ಮಾಸಿಹೋಗುವುವೆಂದೂ, ಅದರ ಬೆನ್ನಿನ ನಡುಸಾಲಿನ ಪೊರೆಗಳು ದೊಡ್ಡವಾಗಿ ಆರು ಮೂಲೆಯವಾಗಿರುವುವೆಂದೂ, ತೋಳಹಾವಿನ ಪಟ್ಟೆಗಳು ಕತ್ತಿನ ಬಳಿಯಿಂದಲೇ ಮೊದಲಾಗುವುವೆಂದೂ ಎರಡು ಸಾಲು ಬರೆದಿದ್ದರೆ ಆ ಬೀದಿಯೇ ಕಲಿಯುತ್ತಿತ್ತು. (ಕಚ್ಚಿಸಿಕೊಂಡವನು ಮಾತ್ರ ಹೆಸರನ್ನು ವಿಚಾರಿಸುತ್ತ ಕೂಡದೆ ಆಸ್ಪತ್ರೆಗೆ ಓಡತಕ್ಕದ್ದು.) ಕೇಳುವವರೂ ನಿರ್ದೋಷಿಗಳಲ್ಲ. ಊರು, ತಿಂಗಳು, ಅಳತೆ ಯಾವುದೂ ಇಲ್ಲದೆ ಮಸುಕಾದ ಚಿತ್ರವೊಂದನ್ನು ಕಳುಹಿಸಿ, ಜೋಯಿಸರನ್ನು ಕೇಳುವಂತೆ ‘ಇದೇನು?’ ಎಂದರೆ ಯಾವ ಪಂಡಿತನು ತಾನೆ ಏನು ಮಾಡಬಲ್ಲನು?

2002ರ ಜೀವವೈವಿಧ್ಯ ಕಾನೂನಿನ ಮೇರೆಗೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಸಮಿತಿಯನ್ನು ರಚಿಸಿ, ಊರವರನ್ನು ವಿಚಾರಿಸಿ, ಅಲ್ಲಿಯ ಜೀವಜಾತಿಗಳ ದಾಖಲೆಯನ್ನು ಬರೆಯಿಸಬೇಕು. ಹಸುರು ನ್ಯಾಯಮಂಡಳಿಯು ಇದಕ್ಕೆ 2020ನೆಯ ಜನವರಿ 31ರ ಗಡುವನ್ನೂ ಇಟ್ಟಿತು. ಗಡುವಿಗಂಜಿ ತುಂಬಿದ ಪುಸ್ತಕವು ಗಡುವು ತೀರಿದೊಡನೆ ಬೀರುವನ್ನು ಸೇರುತ್ತದೆ. ಯಾವ ಸೊಪ್ಪು ಯಾವ ಮಳೆಗೆ ಚಿಗುರುವುದೆಂದು ಹೇಳಿ ಬರೆಯಿಸಿದ ಮುದುಕಿಗೆ ಆ ಪುಸ್ತಕದ ಒಂದು ಪುಟವನ್ನಾದರೂ ಓದಿ ಹೇಳಿ, ‘ಇದು ಸರಿಯೇನಮ್ಮ?’ ಎಂದು ಕೇಳಿದ ಪಂಚಾಯಿತಿಗಳು ಎಷ್ಟಿವೆ?