ಅಂಕದ ಲೆಕ್ಕ ಪಾತ್ರದ ವೈರಿಯಲ್ಲ

ರೋಲ್‌ಪ್ಲೇಯಿಂಗ್ ಆಟಗಳ ಲೋಕದಲ್ಲಿ ಹಳೆಯ ಜಗಳವೊಂದಿದೆ. ಬಲ, ಚುರುಕು, ಬುದ್ಧಿಗಳಿಗೆ ಸಲ್ಲುವ ಅಂಕಗಳನ್ನು ಅಳೆದು ತೂಗಿ ಸೋಲರಿಯದ ವೀರನನ್ನು ಕಟ್ಟುವವರು ಒಂದು ಕಡೆ; ಪಾತ್ರದೊಳಗೆ ಹೊಕ್ಕು ಅದರಂತೆ ಮಾತನಾಡುವುದು, ಅದರಂತೆ ಎಡವುವುದೇ ಆಟ ಎನ್ನುವವರು ಇನ್ನೊಂದು ಕಡೆ. ಲೆಕ್ಕ ಹಾಕುವವರೆಂದರೆ ಎರಡನೆಯವರಿಗೆ ತಾತ್ಸಾರ. ಆದರೆ ಲೆಕ್ಕ ಈ ಆಟಕ್ಕೆ ಹೊರಗಿನಿಂದ ನುಸುಳಿದ್ದಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಬೆಳೆದದ್ದೇ ಸೈನ್ಯಗಳನ್ನು ಮೇಜಿನ ಮೇಲೆ ನಡೆಸುವ ಯುದ್ಧದಾಟಗಳಿಂದ. ಆಗ ಮೂರು ದಾಳ ಉರುಳಿಸಿ ಬಂದದ್ದು ಪಾತ್ರದ ಹಣೆಬರಹ. 2014ರ ಐದನೇ ಆವೃತ್ತಿಯಲ್ಲಿ 27 ಪಾಯಿಂಟ್‌ಗಳನ್ನು ಆರು ಗುಣಗಳಿಗೆ ಹಂಚಿಕೊಳ್ಳುವ ದಾರಿಯೂ ಇದೆ. ಹಂಚಿಕೋ ಎಂದು ನಿಯಮವೇ ಹೇಳುವಾಗ ಜಾಣತನದಿಂದ ಹಂಚಿಕೊಂಡವನನ್ನು ದೂರುವುದು ನ್ಯಾಯವಲ್ಲ.

ಕೇಳಬೇಕಾದ ಪ್ರಶ್ನೆ ಬೇರೆ: ನಿಯಮ ಬಹುಮಾನ ಕೊಡುವುದು ಯಾವುದಕ್ಕೆ? 2006ರ ‘ಆಬ್ಲಿವಿಯನ್’ ಕಂಪ್ಯೂಟರ್ ಆಟದಲ್ಲಿ ನಾಯಕ ಒಂದು ಹಂತ ಏರಿದರೆ ವೈರಿಗಳೂ ಬಲಿಯುತ್ತಿದ್ದರು. ಮುಖ್ಯ ಕೌಶಲಗಳನ್ನು ಸಹಜವಾಗಿ ಬಳಸುತ್ತ ಹೋದವನು ಬೇಗ ಹಂತ ಏರಿ ಹಿಂದೆ ಬೀಳಬಹುದಿತ್ತು. ಹೀಗಾಗಿ ಲೆಕ್ಕಾಚಾರದವರು ತಾವು ಹೆಚ್ಚು ಬಳಸದ ಕೌಶಲಗಳನ್ನೇ ಮುಖ್ಯವೆಂದು ಆರಿಸಿದರು. ಅಲ್ಲಿ ಪಾತ್ರವನ್ನು ಕೊಂದದ್ದು ಆಟಗಾರನ ದುರಾಸೆಯಲ್ಲ, ನಿಯಮದ ರಚನೆ. 1997ರ ‘ಫಾಲ್‌ಔಟ್’ ಇದಕ್ಕೆ ತದ್ವಿರುದ್ಧ: ಬುದ್ಧಿಯ ಅಂಕ ತೀರಾ ಕೆಳಗಿದ್ದರೆ ನಾಯಕ ತೊದಲುತ್ತಾನೆ, ಜನ ಅವನೊಡನೆ ಆಡುವ ಮಾತೇ ಬದಲಾಗುತ್ತದೆ. 1999ರ ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’ನಲ್ಲಿ ವಿವೇಕ ಹೆಚ್ಚಿದಷ್ಟೂ ನಾಯಕನ ಮರೆತ ನೆನಪುಗಳು, ಹೊಸ ಸಂಭಾಷಣೆಗಳು ತೆರೆದುಕೊಳ್ಳುತ್ತವೆ. ಇಂಥ ಆಟದಲ್ಲಿ ಅಂಕ ಹಂಚುವುದೆಂದರೆ ಈತ ಎಂಥವನು ಎಂದು ತೀರ್ಮಾನಿಸುವುದೇ.

ಮೇಜಿನ ಸುತ್ತ ಕೂತಾಗ ಒಬ್ಬನ ಬಲಿಷ್ಠ ಪಾತ್ರ ಉಳಿದವರನ್ನು ಬರೀ ಪ್ರೇಕ್ಷಕರನ್ನಾಗಿಸುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಉದ್ದುದ್ದ ಸಂಭಾಷಣೆ ಹೊಡೆದು ಯಾರಿಗೂ ಬಾಯಿ ಬಿಡಲು ಅವಕಾಶ ಕೊಡದ ‘ನಟ’ನೂ ಮಾಡುವುದು ಅದನ್ನೇ. ಇಬ್ಬರಲ್ಲೂ ಇರುವ ಕೊರತೆ ಜೊತೆಗಾರರ ಬಗೆಗಿನ ಕಾಳಜಿಯದು; ಅಂಕ ಕಡಿಮೆ ಮಾಡಿದರೆ ಅದು ತುಂಬುವುದಿಲ್ಲ. ದುರ್ಬಲ ನಾಯಕನಿಂದಲೇ ಒಳ್ಳೆಯ ಕಥೆ ಹುಟ್ಟುತ್ತದೆ ಎನ್ನುವವರೂ ಇದ್ದಾರೆ. ಸೋಲಿಗೂ ಕಥೆಯಲ್ಲಿ ಜಾಗವಿದ್ದರೆ ಆ ಮಾತು ನಿಜ. 2019ರ ‘ಡಿಸ್ಕೋ ಎಲಿಸಿಯಂ’ನಲ್ಲಿ ದಾಳ ಕೈಕೊಟ್ಟಾಗ ಕಥೆ ನಿಲ್ಲದೆ ಬೇರೆ ದಾರಿ ಹಿಡಿಯುತ್ತದೆ. ಸೋಲಿಗೆ ಸಾವೊಂದೇ ಫಲವಾದ ಆಟದಲ್ಲಿ ಮಾತ್ರ ದೌರ್ಬಲ್ಯವನ್ನು ಆರಿಸಿಕೋ ಎನ್ನುವುದು ಪೊಳ್ಳು ಉಪದೇಶ.

ಆದ್ದರಿಂದ ಆಟ ನಡೆಸುವವರು ಪಾತ್ರದ ಹಾಳೆ ತುಂಬುವ ಮೊದಲೇ ಎಲ್ಲರೊಡನೆ ಕೂತು, ಈ ಕಥೆಯಲ್ಲಿ ಯಾವುದಕ್ಕೆ ಬೆಲೆ ಎಂದು ಮಾತಾಡಿಕೊಳ್ಳಲಿ. ಮಾತಿಗೂ ದಯೆಗೂ ಕತ್ತಿಯಷ್ಟೇ ಫಲ ಸಿಗುವಂತಿದ್ದರೆ ಲೆಕ್ಕಿಗನೂ ಅವುಗಳ ಕಡೆಗೇ ಲೆಕ್ಕ ಹಾಕುತ್ತಾನೆ.