ಹುಳುಮನೆಯ ಸದ್ದೂ ವಿದ್ವತ್ಪತ್ರಿಕೆಗಳೂ

ರೇಷ್ಮೆಹುಳು ಸೊಪ್ಪು ತಿನ್ನುವ ಸದ್ದನ್ನು ವಾಚಕರಲ್ಲಿ ಎಷ್ಟು ಮಂದಿ ಕಿವಿಗೊಟ್ಟು ಕೇಳಿರುವಿರೋ ನಾನರಿಯೆ. ನಾಲ್ಕನೆಯ ಜ್ವರ, ಅಂದರೆ ಕಡೆಯ ಪೊರೆ ಬಿಡುವುದನ್ನು ಮುಗಿಸಿ ಎದ್ದ ಹುಳುಗಳಿಗೆ ರಾತ್ರಿ ಸೊಪ್ಪು ಹಾಕಿ ದೀಪವಾರಿಸಿದರೆ, ಹೊರಗೆ ಸಣ್ಣಗೆ ಮಳೆ ಹಿಡಿದಂತೆ ಕೇಳಿಸುತ್ತದೆ. ಹುಳು ತನ್ನ ಬಾಳಿನಲ್ಲಿ ತಿನ್ನುವ ಸೊಪ್ಪಿನ ನೂರಕ್ಕೆ 80 ಪಾಲಿಗೂ ಮಿಕ್ಕು ಈ ಕೊನೆಯ ಏಳೆಂಟು ದಿನಗಳಲ್ಲಿಯೇ ತೀರುವುದರಿಂದ ಸದ್ದೂ ಆಗಲೇ ಹೆಚ್ಚು. ನನ್ನ ತಾಯಿ ಓದುಬರಹ ಬಲ್ಲವರಲ್ಲ. ಆದರೆ ಕತ್ತಲೆಯಲ್ಲಿ ಬಾಗಿಲ ಬಳಿ ನಿಂತು, “ಸದ್ದು ಸಪ್ಪಗೈತೆ ಕಣೋ, ಲೈಟ್ ಹಾಕು” ಎಂದರೆ, ಯಾವುದೋ ತಟ್ಟೆಯಲ್ಲಿ ಕಾಯಿಲೆಯ ಹುಳು ಇದ್ದೇ ಇರುತ್ತದೆ. ಹಾಲುತೊಂಡೆಯೋ ಸಪ್ಪೆರೋಗವೋ ಎಂಬುದನ್ನು ಕಣ್ಣು ಹೇಳಬೇಕು. ಏನೋ ಕೆಟ್ಟಿದೆ ಎಂಬುದನ್ನು ಕಿವಿ ಮೊದಲೇ ಹೇಳಿರುತ್ತದೆ.

ಇಂಥ ಕೇಳ್ಮೆಯೂ ಒಂದು ಶಾಸ್ತ್ರವೆಂದು ನನಗೆ ತಿಳಿದುದು ಈ ವರ್ಷ. ಕೆನಡಾ ದೇಶದ ಸಂಗೀತರಚನಕಾರ ಮರ್ರಿ ಶೇಫರ್ 1977ರಲ್ಲಿ ಒಂದು ಗ್ರಂಥ ಬರೆದು, ಊರೂರಿನ ಸದ್ದುಗಳೂ ಅಲ್ಲಿಯ ಪರಿಸರದ ಅಂಗವೆಂದು ವಾದಿಸಿದರು. 2000ದಿಂದ ‘ಸೌಂಡ್‌ಸ್ಕೇಪ್’ ಎಂಬ ಪತ್ರಿಕೆ ಇದಕ್ಕೆಂದೇ ಹೊರಟಿತು. ಅದಕ್ಕೂ ಮುಂಚೆ, 1968ರಲ್ಲಿ, ರಾಕೆಟ್ ವಿಜ್ಞಾನಿಯೂ ಕಲಾವಿದರೂ ಆಗಿದ್ದ ಫ್ರಾಂಕ್ ಮಲೀನಾ ಪ್ಯಾರಿಸ್ಸಿನಲ್ಲಿ ‘ಲಿಯೊನಾರ್ಡೊ’ ಪತ್ರಿಕೆಯನ್ನು ಸ್ಥಾಪಿಸಿ, ಕಲಾವಿದರೇ ತಮ್ಮ ಕೆಲಸವನ್ನು ಕುರಿತು ಬರೆಯಲು ಎಡೆ ಮಾಡಿದರು. ಈಗ ಕಲೆ, ಪರಿಸರ, ನಾದ ಇವುಗಳನ್ನು ಒಟ್ಟಿಗೆ ಹಿಡಿದ ವಿಶೇಷ ಸಂಚಿಕೆಗಳು ಅನೇಕ. ಅವುಗಳಲ್ಲಿ ಹಲವು ಹಣ ತೆರದೆ ತೆರೆಯವು, ತೆರೆದರೂ ಇಂಗ್ಲಿಷು.

“ಇರಲಿ ಬಿಡು, ಕಲಿತವರು ಓದಿಕೊಳ್ಳುತ್ತಾರೆ” ಎಂದು ನನ್ನ ಸಹಪಾಠಿಗಳು. ನಾನು ಒಪ್ಪಲಾರೆ. ಹುಳುಮನೆಯ ಸದ್ದನ್ನು ಕುರಿತು ಯಾರಾದರೂ ತಪ್ಪು ಬರೆದರೆ ತಿದ್ದಬಲ್ಲವರು ನನ್ನ ತಾಯಿಯಂಥವರು. ಕನ್ನಡದಲ್ಲಿದ್ದರೆ ನಾನು ಓದಿ ಹೇಳಬಹುದು, ಅವರು ತಿದ್ದಬಹುದು.

ಕನ್ನಡಕ್ಕೆ ಇದೇನು ಹೊಸತಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ ‘ವಿಜ್ಞಾನ’ವನ್ನು ಹೊರಡಿಸಿದರು, ಅದು ಬಹುಕಾಲ ಬಾಳಲಿಲ್ಲ. ಮರುವರ್ಷವೇ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ, ಎ. ಆರ್. ಕೃಷ್ಣಶಾಸ್ತ್ರಿಗಳ ಮುಂದಾಳ್ತನದಲ್ಲಿ, ‘ಪ್ರಬುದ್ಧ ಕರ್ನಾಟಕ’ ಹೊರಟಿತು. ಒಂದು ಕಾಲೇಜಿನ ಸಂಘದಿಂದ ಎಂಬುದನ್ನು ಗಮನಿಸಬೇಕು.

ಒಂದು ಅಂಜಿಕೆಯೂ ನನಗುಂಟು. ನೂಲು ಬಿಚ್ಚುವ ಮನೆಯ ಚರಕದ ಗಿರಕಿಯನ್ನು ಯಂತ್ರದಲ್ಲಿ ಹಿಡಿದು ದೂರದೂರಿನ ಕಲಾಪ್ರದರ್ಶನದಲ್ಲಿ ಕೇಳಿಸಿದರೆ ಬಲು ಇಂಪಾಗಿರಬಹುದು. ಅದರಲ್ಲಿ ಬೆಂದ ಗೂಡಿನ ನಾತವಿಲ್ಲ, ದಿನವಿಡೀ ಬಿಸಿನೀರಿನಲ್ಲಿ ಅದ್ದಿ ಬಿಳಿಚಿಕೊಂಡ ಬೆರಳುಗಳಿಲ್ಲ. ಸದ್ದನ್ನಷ್ಟೇ ಕೊಂಡೊಯ್ದು ಬೆರಳನ್ನು ಬಿಟ್ಟುಬರುವ ಲೇಖನ ಎಷ್ಟು ದೊಡ್ಡ ಪತ್ರಿಕೆಯಲ್ಲಿ ಅಚ್ಚಾದರೂ ಅರ್ಧ ಲೇಖನವೇ.

ಹೊತ್ತೂ ಹೆಚ್ಚಿಲ್ಲ. ನಮ್ಮೂರಿನ ಗೂಡಿನ ಮಾರುಕಟ್ಟೆಯಲ್ಲಿ ಒಂದು ಕಾಲಕ್ಕೆ ಬಾಯಲ್ಲೇ ಬೆಲೆ ಕೂಗುತ್ತಿದ್ದರು. ಇ-ಹರಾಜು ಬಂದ ಮೇಲೆ ರೀಲರುಗಳ ಬೆರಳು ಮೊಬೈಲಿನ ಮೇಲಾಡುತ್ತದೆ. ರೈತನಿಗೆ ಇದು ಒಳ್ಳೆಯದೇ ಇರಬಹುದು, ಹಳೆಯ ಕೂಗೇ ಬೇಕೆಂದು ನಾನು ಹಟ ಹಿಡಿಯುವವನಲ್ಲ. ಆ ಕೂಗು ಹೇಗಿತ್ತೆಂದು ಬರೆದಿಡಬಾರದೆ? ನಮ್ಮ ಮನೆಯ ಸಂಗತಿಯೂ ಹಾಗೆಯೇ. ಕೊಳವೆಬಾವಿಯ ನೀರು ಇಳಿದು ನಮ್ಮ ತಂದೆ ಹಿಪ್ಪುನೇರಳೆ ತೋಟವನ್ನು ಅರ್ಧ ಕಿತ್ತಿದ್ದಾರೆ. ಉಳಿದರ್ಧ ಮುಂದಿನ ಬೇಸಗೆಯವರೆಗೆ ಇದ್ದರೆ ಪುಣ್ಯ.

ಆದುದರಿಂದ ಅಧ್ಯಾಪಕ ಮಹಾಶಯರಲ್ಲಿ ನನ್ನ ವಿನಂತಿ: ಮುಂದಿನ ವಾರ್ಷಿಕ ಸಂಚಿಕೆಯಲ್ಲಿ ಹದಿನಾರು ಪುಟಗಳನ್ನು ಊರಿನ ಸದ್ದುಗಳಿಗೆ ಮೀಸಲಿಡಿ. ಹುಳು ಮೇಯಿಸುವ ಮನೆಗಳ ವಿದ್ಯಾರ್ಥಿಗಳೂ ನೂಲು ಬಿಚ್ಚುವ ಮನೆಗಳ ವಿದ್ಯಾರ್ಥಿಗಳೂ ಒಂದೇ ಬೆಂಚಿನಲ್ಲಿ ಕುಳಿತಿರುವ ಕಾಲೇಜಿದು, ಬರೆಯುವವರಿಗೆ ಕೊರತೆಯಿಲ್ಲ. ಅಷ್ಟರಲ್ಲಿ ನಾನು ಪದವಿ ಮುಗಿಸಿ ಹೊರಟಿರುತ್ತೇನೆ, ನಮ್ಮ ಮನೆಯಿಂದ ಹಾಗೆ ಹೊರಡುವವರಲ್ಲಿ ಮೊದಲನೆಯವನಾಗಿ. ಆದರೂ ಲೇಖನ ಕಳುಹಿಸುವೆನು.

ಕಳೆದ ತಿಂಗಳು ಹುಳುಮನೆಯ ಸದ್ದನ್ನು ಮೊಬೈಲಿನಲ್ಲಿ ಹಿಡಿದು ತಾಯಿಗೆ ಕೇಳಿಸಿದೆ. ಮೆಚ್ಚಿಕೊಂಡಾರೆಂದಿದ್ದೆ. ಅವರು ಒಂದು ಗಳಿಗೆ ಕೇಳಿ, “ಸೊಪ್ಪು ಬಾಡೈತೆ, ಯಾವತ್ತಿಂದು ಹಾಕಿದ್ದೆ?” ಎಂದರು. ಹಿಂದಿನ ದಿನ ಕೊಯ್ದುದನ್ನೇ ನಾನು ಹಾಕಿದ್ದೆ.